ಸೆಕ್ಷನ್ ಹಾಕಿದ್ದಾರಂತೆ, ಹೊರಗೆ ಹೋಗಬಹುದಾ?

ಮಂಗಳೂರು ಕಾವೂರಿನ ಚಿಕ್ಕಮ್ಮನ ಮನೆಯಲ್ಲಿ ಮೆಹಂದಿ. ಅಂಗಳಕ್ಕೆ ಶಾಮಿಯಾನ ಬಿದ್ದಿದೆ, ಹಿತ್ತಲಲ್ಲಿ ಅಡುಗೆಯವರು ತೆಂಗಿನಕಾಯಿ ತುರಿಯುತ್ತಿದ್ದಾರೆ, ಉಡುಪಿ ಕಡೆಯ ಕಟಪಾಡಿಯ ನೆಂಟರು ಎರಡು ಟೆಂಪೋ ಮಾಡಿಕೊಂಡು ನಾಲ್ಕು ಗಂಟೆಗೆ ಹೊರಡುವವರು. ಮೂರೂವರೆಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು: “ಮಂಗಳೂರಲ್ಲಿ ಸೆಕ್ಷನ್ ಹಾಕಿದ್ದಾರಂತೆ. ಬರಬಹುದಾ?”

ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ. ಐದು ಜನ ಸೇರಿದರೆ ಹಿಡಿಯುತ್ತಾರೆ. ಮದುವೆಗೆ ತೊಂದರೆ ಇಲ್ಲ. ಬೈಕಿನಲ್ಲಿ ಡಬಲ್ ಹೋಗಬಾರದು. ಆರು ಗಂಟೆ ಮೇಲೆ ಕರ್ಫ್ಯೂ. ಟಿವಿಯಲ್ಲಿ ಬಂತು. ಟಿವಿಯಲ್ಲಿ ಬರಲಿಲ್ಲ. ದೊಡ್ಡಪ್ಪ ಮಾತ್ರ “ಇಂಥ ಸೆಕ್ಷನ್ ಎಷ್ಟು ನೋಡಿದ್ದೇವೆ ಮಾರಾಯ, ಬನ್ನಿ” ಎಂದು ಧ್ವನಿ ಕಳಿಸಿದರು. ಆದೇಶದ ಪ್ರತಿಯನ್ನು ಹಾಕಿದವರು ಒಬ್ಬರೂ ಇಲ್ಲ. ಅದನ್ನು ಓದಬೇಕು ಎಂಬ ಯೋಚನೆ ಆ ಹೊತ್ತಿಗೆ ನನಗೂ ಬಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕರಾವಳಿಯಲ್ಲಿ ಬೆಳೆದವರಿಗೆ ‘ಸೆಕ್ಷನ್ ಹಾಕಿದ್ದಾರಂತೆ’ ಎನ್ನುವುದು ‘ಮಳೆ ಬರುತ್ತದಂತೆ’ ಎನ್ನುವಷ್ಟೇ ಸಹಜ. ಬಂತು, ಅಂಗಡಿಯ ಶಟರ್ ಎಳೆದೆವು, ಮನೆ ಸೇರಿದೆವು. ಮಳೆಯನ್ನು ಯಾರು ಕಳಿಸಿದರು ಎಂದು ಕೇಳುವುದಿಲ್ಲವಲ್ಲ, ಹಾಗೆ. ಸ್ವಾತಂತ್ರ್ಯ, ಸುರಕ್ಷತೆ ಎರಡೂ ತಕ್ಕಡಿಯ ಎರಡು ತಟ್ಟೆ ಎಂದು ಭಾಷಣದಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಮೀನು ಮಾರ್ಕೆಟಿನಲ್ಲಿ ನಿಂತವರಿಗೆ ಗೊತ್ತು, ತಟ್ಟೆಗಿಂತ ತಕ್ಕಡಿ ಹಿಡಿದ ಕೈಯನ್ನು ನೋಡಬೇಕು. ಕೈ ಯಾರದು, ಹೇಗೆ ಹಿಡಿದಿದೆ, ಎಷ್ಟು ಹೊತ್ತು ಹಿಡಿಯಬಹುದು. ನಮ್ಮ ಸಂವಿಧಾನ, ಕೋರ್ಟುಗಳು ಎಪ್ಪತ್ತೈದು ವರ್ಷದಿಂದ ತಿದ್ದುತ್ತಾ ಬಂದಿರುವುದು ಈ ಕೈಯನ್ನೇ.

ಒಂದು ಹಾಳೆಯ ಅಧಿಕಾರ

ಸೆಕ್ಷನ್ ಎಂದರೆ ನಿಷೇಧಾಜ್ಞೆಯ ಸೆಕ್ಷನ್, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು ನಂಬರು 163 ಆಗಿದೆ. ಒಳಗಿನ ಸರಕು ಹೆಚ್ಚುಕಡಿಮೆ ಅದೇ. ಜನರ ಬಾಯಲ್ಲಿ ಇನ್ನೂ ‘ಒನ್ ಫೋರ್ಟಿಫೋರ್’. ಬ್ರಿಟಿಷರ ಬಳುವಳಿ ಇದು. 1917ರಲ್ಲಿ ಚಂಪಾರಣ್ ಬಿಟ್ಟು ಹೋಗಿ ಎಂದು ಗಾಂಧೀಜಿಗೆ ಕೊಟ್ಟ ನೋಟಿಸೂ ಇದೇ 144ರದ್ದು. ಅವರು ಹೋಗಲಿಲ್ಲ. ಕೋರ್ಟಿನಲ್ಲಿ ನಿಂತು ಹೌದು, ಮೀರಿದ್ದೇನೆ ಎಂದರು. ಸರ್ಕಾರವೇ ಕೇಸು ಹಿಂದಕ್ಕೆ ತೆಗೆದುಕೊಂಡಿತು.

ಜೀವಕ್ಕೆ, ಆರೋಗ್ಯಕ್ಕೆ, ಸಾರ್ವಜನಿಕ ನೆಮ್ಮದಿಗೆ ಅಪಾಯ ಎದುರಾಗಿದೆ, ಈಗಲೇ ತಡೆಯಬೇಕು ಎಂದು ಕಂಡಾಗ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಯಂಥ ಮ್ಯಾಜಿಸ್ಟ್ರೇಟರು ಲಿಖಿತ ಆದೇಶ ಹೊರಡಿಸಬಹುದು. ಉಡುಪಿಯಲ್ಲಾದರೆ ಅದು ಬರುವುದು ಮಣಿಪಾಲದ ರಜತಾದ್ರಿಯಿಂದ, ಅಂದರೆ ಜಿಲ್ಲಾಧಿಕಾರಿ ಕಚೇರಿಯಿಂದ. ಮಂಗಳೂರಿನಲ್ಲಿ 2010ರಿಂದ ಪೊಲೀಸ್ ಕಮಿಷನರೇಟ್ ಇರುವ ಕಾರಣ ನಗರದೊಳಗೆ ಆ ಅಧಿಕಾರ ಕಮಿಷನರ ಕೈಯಲ್ಲಿ. ಹಾಗಾಗಿ ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ ದಾಟಿ ಉಡುಪಿ ಜಿಲ್ಲೆಯ ಹೆಜಮಾಡಿಗೆ ಕಾಲಿಟ್ಟರೆ ಆದೇಶವೇ ಬದಲಾಗುತ್ತದೆ. ನಮ್ಮ ಟೆಂಪೋದವರು ಹೊಳೆಯ ಆಚೆ ಸ್ವತಂತ್ರರು, ಈಚೆ ಸೆಕ್ಷನ್ನಿಗೆ ಒಳಪಟ್ಟವರು. ತಮಾಷೆ ಎನಿಸಬಹುದು, ಆದರೆ ಇಂಥ ಆದೇಶಕ್ಕೆ ಗಡಿ ಇರಲೇಬೇಕು ಎಂಬುದು ಅದರ ಪ್ರಾಣ.

ಅವಧಿಗೂ ಗಡಿ ಇದೆ. ಎರಡು ತಿಂಗಳು ಮೀರುವಂತಿಲ್ಲ. ತೀರಾ ಅಗತ್ಯ ಬಿದ್ದರೆ ರಾಜ್ಯ ಸರ್ಕಾರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ‘ಐದು ಜನ ಸೇರಬಾರದು’ ಎನ್ನುವುದು ಸೆಕ್ಷನ್ನಿನ ಒಳಗಿರುವ ಮಾತಲ್ಲ. ಅದನ್ನು ಬರೆಯುವುದು ಆದೇಶ ಹೊರಡಿಸುವವರು. ಅಕ್ರಮ ಕೂಟಕ್ಕೆ ಕಾನೂನಿನಲ್ಲಿ ಐದು ಜನರ ಲೆಕ್ಕ ಇರುವುದರಿಂದ ಆ ಸಂಖ್ಯೆ ರೂಢಿಗೆ ಬಂದಿದೆ. ಕರ್ಫ್ಯೂ ಎಂಬ ಶಬ್ದವೂ ಸೆಕ್ಷನ್ನಿನಲ್ಲಿ ಇಲ್ಲ. ಮನೆಯಿಂದ ಹೊರಗೇ ಬರಬೇಡಿ ಎಂದು ಆದೇಶ ಬರೆದರೆ ಅದು ಕರ್ಫ್ಯೂ. ಮೆರವಣಿಗೆ, ಆಯುಧ, ಘೋಷಣೆ ಮಾತ್ರ ಬೇಡ ಎಂದು ಬರೆದರೆ ನಮ್ಮ ಮೆಹಂದಿಗೆ ಅದರಿಂದ ಏನೂ ಆಗುವುದಿಲ್ಲ. ಅಂದರೆ ‘ಸೆಕ್ಷನ್ ಹಾಕಿದ್ದಾರೆ’ ಎಂಬ ಮಾತಿಗೆ ಅರ್ಥ ಅರ್ಧ ಮಾತ್ರ. ಉಳಿದರ್ಧ ಆ ಹಾಳೆಯಲ್ಲಿದೆ. ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ರಡಿ ಕೇಸು, ಅಪಾಯ ತಂದೊಡ್ಡಿದ ಸಂದರ್ಭದಲ್ಲಿ ಒಂದು ವರ್ಷದವರೆಗೆ ಜೈಲು.

ಹಾಳೆಯಲ್ಲಿ ಕಾರಣವೂ ಇರಬೇಕು. 2019ರ ಡಿಸೆಂಬರ್ 18ರಂದು ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ಬೆಂಗಳೂರಿನಲ್ಲಿ ಹೊರಡಿಸಿದ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟು 2020ರ ಫೆಬ್ರುವರಿ 13ರಂದು ಅಕ್ರಮ ಎಂದಿತು. ಕೆಳಗಿನ ಅಧಿಕಾರಿಗಳ ವರದಿ ಅದರಲ್ಲಿತ್ತು, ಆದೇಶಕ್ಕೆ ಸಹಿ ಹಾಕಿದವರು ಸ್ವತಃ ಯೋಚಿಸಿ ಈ ತೀರ್ಮಾನಕ್ಕೆ ಬಂದರು ಎಂಬುದಕ್ಕೆ ಕಾರಣ ಕಾಣಲಿಲ್ಲ. ತೀರ್ಪು ಬರುವ ಹೊತ್ತಿಗೆ ಆ ಆದೇಶ ಮುಗಿದು ಹೆಚ್ಚುಕಡಿಮೆ ಎರಡು ತಿಂಗಳಾಗಿತ್ತು ಅನ್ನುವುದು ಬೇರೆ ಕತೆ. ಈ ಕಾನೂನಿನ ದೊಡ್ಡ ಕಷ್ಟವೇ ಅದು: ಆಜ್ಞೆ ಗಂಟೆಯೊಳಗೆ ಬರುತ್ತದೆ, ತಪ್ಪಾಗಿದ್ದರೆ ತಿಳಿಯಲು ತಿಂಗಳು ಬೇಕು.

ಮಂಗಳೂರಿನ ರಾಯರು, ಕಾಸರಗೋಡಿನ ಗೋಪಾಲನ್

ಇದೆಲ್ಲದರ ಬೇರು ಸಂವಿಧಾನದ ಎರಡು ವಿಧಿಗಳಲ್ಲಿದೆ. 19ನೇ ವಿಧಿ ಮಾತಿನ, ಸೇರುವ, ತಿರುಗಾಡುವ, ದುಡಿಯುವ ಸ್ವಾತಂತ್ರ್ಯಗಳನ್ನು ಕೊಟ್ಟು, ಬೆನ್ನಿಗೇ ‘ಸಮಂಜಸ ನಿರ್ಬಂಧ’ಗಳನ್ನು ಹಾಕಬಹುದು ಎನ್ನುತ್ತದೆ. 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ್ದು: ಕಾನೂನು ಹಾಕಿಕೊಟ್ಟ ಕ್ರಮದಂತೆ ಅಲ್ಲದೆ ಯಾರಿಂದಲೂ ಅವನ್ನು ಕಸಿಯುವಂತಿಲ್ಲ.

ಈ ‘ಕಾನೂನು ಹಾಕಿಕೊಟ್ಟ ಕ್ರಮ’ ಎಂಬ ಮಾತಿನ ಹಿಂದೆ ಒಬ್ಬ ಮಂಗಳೂರಿಗರಿದ್ದಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. ಓದಿದ್ದು ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ. ಅಮೆರಿಕದ ಸಂವಿಧಾನದಲ್ಲಿ ಇದೇ ಜಾಗದಲ್ಲಿ ‘ಡ್ಯೂ ಪ್ರೊಸೆಸ್’ ಎಂಬ ಮಾತಿದೆ. ಕಾನೂನು ಇದ್ದರೆ ಸಾಲದು, ಅದು ನ್ಯಾಯವೂ ಆಗಿರಬೇಕು ಎಂದು ನೋಡುವ ಅಧಿಕಾರವನ್ನು ಕೋರ್ಟಿಗೆ ಕೊಡುವ ಮಾತು ಅದು. 1947ರಲ್ಲಿ ರಾಯರು ಅಲ್ಲಿಗೆ ಹೋದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಮಾತಾಡಿದರು. ಜನ ಆರಿಸಿದ ಶಾಸಕರು ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಹೊಡೆದುಹಾಕುವುದು ಸರಿಯಲ್ಲ ಎಂಬುದು ಫ್ರಾಂಕ್‌ಫರ್ಟರ್ ನಿಲುವು. ರಾಯರಿಗೆ ಅದು ಒಪ್ಪಿಗೆಯಾಯಿತು. ನಮ್ಮ ಕರಡಿನಿಂದ ಡ್ಯೂ ಪ್ರೊಸೆಸ್ ಬಿದ್ದುಹೋಯಿತು.

ಅದರ ಮೊದಲ ಏಟು ತಿಂದವರು ಪಕ್ಕದ ಊರಿನವರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಕಣ್ಣೂರಿನ ಕಡೆಯವರು, ಮುಂದೆ 1957ರಿಂದ ಕಾಸರಗೋಡಿನ ಸಂಸದರು. ವಿಚಾರಣೆ ಇಲ್ಲದೆ ಸೆರೆಯಲ್ಲಿಟ್ಟಿದ್ದನ್ನು ಅವರು 1950ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಬಹುಮತದ ಉತ್ತರ: ಸಂಸತ್ತು ಮಾಡಿದ ಕಾನೂನಿದೆ, ಅದರಲ್ಲಿ ಕ್ರಮವಿದೆ, ಆ ಕ್ರಮ ನ್ಯಾಯವೋ ಅಲ್ಲವೋ ನಮಗೆ ಬೇಡ. ಈ ಮಾತು ತಿರುಗಲು 28 ವರ್ಷ ಬೇಕಾಯಿತು. ‘ಸಾರ್ವಜನಿಕ ಹಿತಾಸಕ್ತಿ’ ಎಂಬ ಒಂದೇ ಮಾತು ಹೇಳಿ ಪಾಸ್‌ಪೋರ್ಟ್ ಕಸಿದುಕೊಂಡ ಮೇನಕಾ ಗಾಂಧಿ ಪ್ರಕರಣದಲ್ಲಿ, 1978ರ ಜನವರಿ 25ರಂದು, ಕ್ರಮ ಎಂದರೆ ಯಾವುದೋ ಒಂದು ಕ್ರಮವಲ್ಲ, ನ್ಯಾಯವಾದ, ನಿಷ್ಪಕ್ಷವಾದ, ಸಮಂಜಸವಾದ ಕ್ರಮ ಎಂದು ಕೋರ್ಟು ಹೇಳಿತು. ರಾಯರು ಮುಂಬಾಗಿಲಿನಿಂದ ಕಳಿಸಿದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ರಾಯರ ಬಗ್ಗೆ ಊರಿನವರಾಗಿ ಹೆಮ್ಮೆ ಇಟ್ಟುಕೊಂಡೇ ಹೇಳುತ್ತೇನೆ, ಬಂದದ್ದು ಒಳ್ಳೆಯದಾಯಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಎಂದ ಪ್ರಕರಣಕ್ಕೆ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿದೆ. ನಮ್ಮ ಹೈಕೋರ್ಟಿನಲ್ಲೇ ನಿವೃತ್ತರಾದ ನ್ಯಾಯಮೂರ್ತಿ. ಹಕ್ಕನ್ನು ಮೊಟಕುಗೊಳಿಸುವ ಯಾವುದೇ ಕ್ರಮ ದಾಟಬೇಕಾದ ಪರೀಕ್ಷೆ ಅಲ್ಲಿ ಗಟ್ಟಿಯಾಯಿತು. ವಕೀಲರು ಅದನ್ನು ಅನುಪಾತ ತತ್ತ್ವ ಎನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ. ನಮ್ಮೂರಿನ ಒಂದು ಬೈಕಿನಿಂದ ವಿವರಿಸಬಹುದು.

ಹಿಂಬದಿ ಸೀಟು

2022ರ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಬೆನ್ನುಬೆನ್ನಿಗೆ ಮೂರು ಕೊಲೆಗಳಾದವು. ಸಂಜೆ ಆರಕ್ಕೆ ಅಂಗಡಿ ಮುಚ್ಚಬೇಕೆಂದಾಯಿತು. ಹಂಪನಕಟ್ಟೆಯಲ್ಲಿ ಆ ದಿನಗಳ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ: ಹೋಟೆಲಿನವನು ಬಾಣಲೆಯಲ್ಲಿ ಅರ್ಧ ಬೆಂದ ಗೋಳಿಬಜೆಯನ್ನು ಜಾಲರಿಯಲ್ಲಿ ಎತ್ತಿ ಹಾಗೇ ಪಾತ್ರೆಗೆ ಸುರಿದ, ಗ್ಯಾಸ್ ಆರಿಸಿದ, ಎಣ್ಣೆಯ ಚಟಪಟ ನಿಲ್ಲುವ ಮೊದಲೇ ಶಟರ್ ಕೆಳಗೆ. ಐದು ಐವತ್ತು. ಸ್ಟೇಟ್ ಬ್ಯಾಂಕ್ ಕಡೆ ಹೋಗುವ ಬಸ್ಸುಗಳಲ್ಲಿ ಜನ ಮೆಟ್ಟಿಲಿನವರೆಗೆ ತುಂಬಿದ್ದರು. ಮಳೆ ಬೇರೆ.

ಆಗಸ್ಟ್ ಮೊದಲ ವಾರ ಇನ್ನೊಂದು ಘೋಷಣೆ ಬಂತು: ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ದ್ವಿಚಕ್ರ ವಾಹನದ ಹಿಂಬದಿಯಲ್ಲಿ ಗಂಡಸರು ಕೂರಬಾರದು. ದಾಳಿ ಮಾಡುವವರು ಬೈಕಿನಲ್ಲಿ ಬಂದು, ಹಿಂದೆ ಕೂತವನು ಹೊಡೆದು, ಅದೇ ಬೈಕಿನಲ್ಲಿ ಹೋಗುತ್ತಾರೆ ಎಂಬ ಲೆಕ್ಕ.

ಈಗ ಪರೀಕ್ಷೆ. ಉದ್ದೇಶ ಸರಿಯೇ? ಸರಿ, ಇನ್ನೊಂದು ಜೀವ ಹೋಗಬಾರದು. ಉದ್ದೇಶಕ್ಕೂ ಉಪಾಯಕ್ಕೂ ಸಂಬಂಧ ಇದೆಯೇ? ಇದೆ, ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಇದಕ್ಕಿಂತ ಕಡಿಮೆ ನೋವಿನ ದಾರಿ ಇತ್ತೇ? ಇಲ್ಲಿ ಬೈಕು ತಡವರಿಸುತ್ತದೆ. ನಾಕಾಬಂದಿ ಇತ್ತು, ವಾಹನ ತಪಾಸಣೆ ಇತ್ತು, ಹಿಂದೆ ಕೇಸು ಇದ್ದವರ ಮೇಲೆ ನಿಗಾ ಇಡಬಹುದಿತ್ತು. ಕೊನೆಗೆ, ಸಿಗುವ ಲಾಭಕ್ಕೂ ಆಗುವ ನಷ್ಟಕ್ಕೂ ತಾಳೆ ಇದೆಯೇ? ಬೆಳಗಿನ ಜಾವ ದಕ್ಕೆಗೆ, ಅಂದರೆ ಮೀನು ಬಂದರಿಗೆ, ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಡಬಲ್ ಹೋಗುವವರೇ. ರಾತ್ರಿ ಪಾಳಿ ಮುಗಿಸಿದ ಅಣ್ಣನನ್ನು ತಮ್ಮ ಕರೆದುಕೊಂಡು ಬರುತ್ತಾನೆ. ಜ್ವರ ಬಂದ ಅಪ್ಪನನ್ನು ಮಗ ಆಸ್ಪತ್ರೆಗೆ ಒಯ್ಯುವುದು ಸ್ಕೂಟರಿನಲ್ಲೇ. ಕೊಲೆ ಮಾಡಲು ಹೊರಟವನು ಆದೇಶ ನೋಡಿ ಸೀಟು ಖಾಲಿ ಬಿಡುತ್ತಾನೆಯೇ ಎಂಬ ಪ್ರಶ್ನೆ ಅಂದು ಪ್ರತಿ ಚಹಾದಂಗಡಿಯಲ್ಲೂ ಕೇಳಿತು. ಟೀಕೆ ಎದ್ದ ಬೆನ್ನಿಗೇ ಆ ನಿರ್ಬಂಧ ಕೈಬಿಟ್ಟರು. ಕೋರ್ಟಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ಚಹಾದಂಗಡಿಯವರು ಯಾವ ತೀರ್ಪೂ ಓದದೆ ಅನುಪಾತ ತತ್ತ್ವ ಹೇಳಿದ್ದರು.

‘ಕಡಿಮೆ ನೋವಿನ ದಾರಿ’ ಹುಡುಕುವುದು ಎಂದರೆ ಏನೆಂದು ತಿಳಿಯಲು ಯಕ್ಷಗಾನದ ಕಡೆಗೂ ಒಮ್ಮೆ ನೋಡಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ. ಚೆಂಡೆಯ ಒಂದು ಉರುಳಿಕೆಗೆ ಮುಗಿಯುವ ಲೆಕ್ಕ ಅದು. ಈ ನಿಯಮದ ಬಿಸಿಗೆ 2022ರಲ್ಲಿ ಕಟೀಲು ಮೇಳ ಕಾಲಮಿತಿಗೆ ಹೊರಳಿ ಮಧ್ಯರಾತ್ರಿಯೊಳಗೆ ಮಂಗಳ ಹಾಡತೊಡಗಿತು. ವಿಷಯ ಹೈಕೋರ್ಟಿಗೆ ಹೋಯಿತು. ಶಬ್ದದ ನಿಯಮ ಪಾಲಿಸುವ ಷರತ್ತಿನ ಮೇಲೆ 2024ರ ಜನವರಿಯಿಂದ ಆಟ ಮತ್ತೆ ಬೆಳಗಿನವರೆಗೆ. ನಿಯಮದ ಗುರಿ ಪಕ್ಕದ ಮನೆಯ ರೋಗಿಯ ನಿದ್ದೆ, ಪರೀಕ್ಷೆ ಬರೆಯುವ ಮಗುವಿನ ನಿದ್ದೆ. ಅದಕ್ಕೆ ತಗ್ಗಬೇಕಾದ್ದು ಮೈಕು, ಮಹಿಷಾಸುರನಲ್ಲ.

ಪದ ತಪ್ಪಿದರೆ ಆದೇಶ ತಪ್ಪಿತು

‘ಸಾರ್ವಜನಿಕ ಸುವ್ಯವಸ್ಥೆ’ ಮತ್ತು ‘ಕಾನೂನು ಮತ್ತು ಸುವ್ಯವಸ್ಥೆ’. ಪತ್ರಿಕೆ ಓದುವವರಿಗೆ ಎರಡೂ ಒಂದೇ. ಕೋರ್ಟಿಗೆ ಅಲ್ಲ. ರಾಮಮನೋಹರ ಲೋಹಿಯಾ ಅವರನ್ನು ಬಿಹಾರದಲ್ಲಿ ಸೆರೆಯಲ್ಲಿಟ್ಟಾಗ ನಿಯಮದಲ್ಲಿ ಇದ್ದದ್ದು ಮೊದಲನೆಯ ಮಾತು, ಆದೇಶದಲ್ಲಿ ಬರೆದದ್ದು ಎರಡನೆಯದು. ಸುಪ್ರೀಂ ಕೋರ್ಟು ಅವರನ್ನು ಬಿಡಿಸಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆದು ತೋರಿಸಿದರು: ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಡುವಿನ ಚಿಕ್ಕದು ರಾಜ್ಯದ ಭದ್ರತೆ. ಬಾರಿನಲ್ಲಿ ಇಬ್ಬರು ಕುಡಿದು ಬಡಿದಾಡಿದರೆ ಹೊರಗಿನ ವೃತ್ತ ಅಲುಗಿತು. ಅದೇ ಬಡಿದಾಟದಿಂದ ಎರಡು ಕೇರಿಗಳು ಬಾಗಿಲು ಹಾಕಿಕೊಂಡರೆ ಎರಡನೆಯದು. ಒಳಗೊಳಗೆ ಹೋದಷ್ಟೂ ಸರ್ಕಾರದ ಕೈ ಉದ್ದವಾಗುತ್ತದೆ, ಅದಕ್ಕೇ ಒಳಗೆ ಹೋಗುವ ಮೊದಲು ಹೊಸಿಲಲ್ಲಿ ತಡೆದು ಕೇಳಬೇಕು.

ಈ ಪದದ ಜಗಳ ಉಡುಪಿಯಿಂದ ಹೊರಟು ಹೈಕೋರ್ಟಿನವರೆಗೆ ಇನ್ನೊಮ್ಮೆ ಹೋಯಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಹಿಜಾಬ್ ವಿವಾದದ ನಂತರ 2022ರ ಫೆಬ್ರುವರಿ 5ರಂದು ಬಂದ ಸರ್ಕಾರಿ ಆದೇಶದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಮಾತಿತ್ತು. ಸಂವಿಧಾನದ ಕನ್ನಡ ಅನುವಾದದಲ್ಲಿ 19ನೇ ವಿಧಿಯ ನಿರ್ಬಂಧಕ್ಕೆ ಬಳಸಿರುವುದೂ ಇದೇ ಮಾತು, ಹಾಗಿದ್ದ ಮೇಲೆ ಅದನ್ನು ಸಾಬೀತು ಮಾಡಿ ಎಂದು ವಿದ್ಯಾರ್ಥಿನಿಯರ ಪರ ವಕೀಲರು ಹಿಡಿದರು. ಆದೇಶದಲ್ಲಿ ಅದಕ್ಕೆ ಆ ಅರ್ಥವಿಲ್ಲ ಎಂದಿತು ಸರ್ಕಾರ. ಕನ್ನಡದ ಒಂದು ಸಮಾಸದ ಮೇಲೆ ಅಷ್ಟು ಹೊತ್ತು ವಾದ ನಡೆದದ್ದು ನಾನು ಬೇರೆ ಕಾಣೆ. ಸರ್ಕಾರಿ ಆದೇಶದ ಭಾಷೆಯನ್ನು ಶಾಸನದಷ್ಟು ಬಿಗಿಯಾಗಿ ಓದಬೇಕಿಲ್ಲ ಎಂದು ಪೀಠ ಮಾರ್ಚ್ 15ರ ತೀರ್ಪಿನಲ್ಲಿ ಹೇಳಿ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠದ ದಾರಿ ಹಿಡಿಯಿತು. ಆ ವಿವಾದದಲ್ಲಿ ಯಾರು ಎಲ್ಲಿ ನಿಂತರೂ ಒಂದು ಮಾತು ಒಪ್ಪಬಹುದು: ಆದೇಶ ಬರೆಯುವ ಕಚೇರಿಯಲ್ಲಿ ಕನ್ನಡವನ್ನು ಇನ್ನಷ್ಟು ಜೋಪಾನವಾಗಿ ಬಳಸಬೇಕು.

ತಲಪಾಡಿಯ ಮಣ್ಣು

ಇಡೀ ವಿಷಯ ಒಂದೇ ಜಾಗದಲ್ಲಿ ನೋಡಬೇಕೆಂದರೆ ಕರ್ನಾಟಕ, ಕೇರಳದ ಗಡಿಯಲ್ಲಿರುವ ತಲಪಾಡಿಗೆ ಹೋಗಬೇಕು. 1956ಕ್ಕೆ ಮೊದಲು ಕಾಸರಗೋಡೂ ದಕ್ಷಿಣ ಕನ್ನಡವೇ. ರಾಜ್ಯಗಳು ಬೇರೆಯಾದ ಮೇಲೂ ಮಂಜೇಶ್ವರ, ಉಪ್ಪಳದವರ ಆಸ್ಪತ್ರೆ, ಕಾಲೇಜು, ಜವಳಿ ಅಂಗಡಿ ಎಲ್ಲ ಮಂಗಳೂರಿನಲ್ಲಿ. ಗಡಿ ಎಂದರೆ ಒಂದು ಚೆಕ್‌ಪೋಸ್ಟು, ಅಷ್ಟೆ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಬರುವವರು ಅದನ್ನು ಗಮನಿಸುತ್ತಲೂ ಇರಲಿಲ್ಲ.

2020ರ ಮಾರ್ಚ್ ಕೊನೆಗೆ ಕರ್ನಾಟಕ ಆ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಕಾರಣ ಇರಲಿಲ್ಲ ಎನ್ನುವಂತಿಲ್ಲ. ಕಾಸರಗೋಡು ಆಗ ದೇಶದ ಕೋವಿಡ್ ಹಾಟ್‌ಸ್ಪಾಟ್‌ಗಳಲ್ಲಿ ಒಂದು. ಕೈಯಲ್ಲಿ ಕಾನೂನೂ ಇತ್ತು: 1897ರ ಸಾಂಕ್ರಾಮಿಕ ರೋಗ ಕಾಯ್ದೆ, ಮುಂಬಯಿಯ ಪ್ಲೇಗಿನ ಕಾಲದ್ದು, ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಈಚೆ ದಡದಲ್ಲಿ ನಿಂತಿದ್ದ ನಮ್ಮಲ್ಲಿ ಬಹಳ ಜನಕ್ಕೆ ಆಗ ನೆಮ್ಮದಿಯಾಗಿತ್ತು. ನನಗೂ ಆಗಿತ್ತು.

ಆದರೆ ಆ ಮಣ್ಣಿನ ರಾಶಿಗೆ ಸೋಂಕಿತನೂ ಹೃದ್ರೋಗಿಯೂ ಒಂದೇ. ಹೆರಿಗೆ ನೋವಿನವಳೂ, ಸುಮ್ಮನೆ ತಿರುಗಾಡುವವನೂ ಒಂದೇ. ಆಂಬುಲೆನ್ಸುಗಳು ವಾಪಸಾದವು. ಹೊತ್ತಿಗೆ ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಚಿಕಿತ್ಸೆಗೆ ಹೊರಟವರನ್ನು ತಡೆಯುವುದು 19 ಮತ್ತು 21ನೇ ವಿಧಿಗಳಿಗೆ ವಿರುದ್ಧ, ಕೇಂದ್ರ ಸರ್ಕಾರ ಹೆದ್ದಾರಿ ತೆರೆಸಬೇಕು ಎಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯಗಳನ್ನು ಕೂರಿಸಿ ಮಾತಾಡಿಸಿ ಎಂದು ಕೋರ್ಟು ಹೇಳಿತು. ಏಪ್ರಿಲ್ 7ರ ಹೊತ್ತಿಗೆ ಒಪ್ಪಂದವಾಯಿತು: ತಲಪಾಡಿಯಲ್ಲಿ ವೈದ್ಯಕೀಯ ತಪಾಸಣೆ, ಕೋವಿಡ್ ಅಲ್ಲದ ತುರ್ತು ರೋಗಿಗಳ ಆಂಬುಲೆನ್ಸಿಗೆ ದಾರಿ.

ಒಂದು ಮೇಜು, ಒಬ್ಬ ವೈದ್ಯ, ಒಂದು ಚೀಟಿ. ಮಣ್ಣು ಸುರಿದ ದಿನವೇ ಇದನ್ನು ಇಡಬಹುದಿತ್ತು. ಸುರಕ್ಷತೆ ಹೆಸರಿನಲ್ಲಿ ಆಗುವ ಹೆಚ್ಚಿನ ತಪ್ಪುಗಳಿಗೆ ದುರುದ್ದೇಶ ಬೇಕಿಲ್ಲ, ಒರಟುತನ ಸಾಕು. ಮುಂದೆ 2021ರಲ್ಲಿ ಅದೇ ತಲಪಾಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳಿದರು; ದಿನಾ ಬರುವ ವಿದ್ಯಾರ್ಥಿಗಳಿಗೆ, ಕೂಲಿಯವರಿಗೆ ಅದೂ ಭಾರವೇ. ಲಸಿಕೆಯ ಪ್ರಶ್ನೆ ಬಂದಾಗ 2022ರ ಮೇ 2ರಂದು ಸುಪ್ರೀಂ ಕೋರ್ಟು ಇದೇ ಜಾಡಿನಲ್ಲಿ ನಡೆಯಿತು: ಯಾರಿಗೂ ಬಲವಂತದ ಚುಚ್ಚುಮದ್ದು ಇಲ್ಲ, ಜನಾರೋಗ್ಯಕ್ಕಾಗಿ ಕೆಲವು ನಿರ್ಬಂಧ ಹಾಕಬಹುದು, ಸೋಂಕು ಇಳಿದ ಮೇಲೆ ಅದೇ ನಿರ್ಬಂಧ ಮಿತಿ ಮೀರಿದ್ದಾಗುತ್ತದೆ.

ಮೊಬೈಲು ಸುಮ್ಮನಾದ ದಿನ

2019ರ ಡಿಸೆಂಬರ್ 19, ಮಂಗಳೂರು. ಪೌರತ್ವ ಕಾಯ್ದೆ ವಿರುದ್ಧ ಪ್ರತಿಭಟನೆ, ಪೊಲೀಸ್ ಗೋಲಿಬಾರ್, ಇಬ್ಬರ ಸಾವು, ಕರ್ಫ್ಯೂ. ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ನಿಲ್ಲಿಸುವ ಆದೇಶ. ಸುಳ್ಳು ಸುದ್ದಿ ಹರಡಿ ಇನ್ನಷ್ಟು ಕಿಚ್ಚು ಹತ್ತಬಾರದು ಎಂಬ ವಾದ ಪೊಳ್ಳಲ್ಲ. ಆದರೆ ಗಲಭೆಕೋರನ ಜೊತೆಗೆ ಮಗ ಮನೆ ಸೇರಿದನೇ ಎಂದು ಕಾಯುವ ತಾಯಿಯೂ ಕತ್ತಲಲ್ಲಿ. ಸುಳ್ಳು ಸುದ್ದಿ ನಿಂತಿತು, ನಿಜ ಸುದ್ದಿಯೂ ನಿಂತಿತು. ಬಾಯಿಂದ ಬಾಯಿಗೆ ಹೋಗುವ ಗಾಳಿಮಾತಿಗೆ ಮಾತ್ರ ಡೇಟಾ ಬೇಕಾಗಲಿಲ್ಲ.

ಮೂರು ವಾರದ ನಂತರ, 2020ರ ಜನವರಿ 10ರಂದು, ಕಾಶ್ಮೀರದ ಇಂಟರ್‌ನೆಟ್ ನಿಷೇಧದ ಪ್ರಶ್ನೆ ಎತ್ತಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತುಗಳು ಎಲ್ಲ ಜಿಲ್ಲೆಗೂ ಅನ್ವಯಿಸುತ್ತವೆ. ಇಂಥ ಆದೇಶಗಳನ್ನು ಪ್ರಕಟಿಸಬೇಕು. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ. ಪರಿಶೀಲನೆಗೆ ಒಳಪಡಿಸಬೇಕು. ಮೇಲಿಂದ ಮೇಲೆ 144 ಹಾಕುತ್ತಾ ಹೋಗುವುದು ಅಧಿಕಾರದ ದುರುಪಯೋಗ. ಭಿನ್ನಾಭಿಪ್ರಾಯದ ಬಾಯಿ ಕಟ್ಟಲು ಅದನ್ನು ಬಳಸಬಾರದು. ಆ ವರ್ಷದ ಕೊನೆಗೆ, ಒಂದು ಆದೇಶ 15 ದಿನ ಮೀರಬಾರದು ಎಂಬ ಮಿತಿಯೂ ನಿಯಮಕ್ಕೆ ಸೇರಿತು. ಇವುಗಳಲ್ಲಿ ‘ಪ್ರಕಟಿಸಬೇಕು’ ಎಂಬುದೇ ನನ್ನ ಮಟ್ಟಿಗೆ ಅತಿ ದೊಡ್ಡದು. ಕಣ್ಣಿಗೆ ಬೀಳದ ಆದೇಶವನ್ನು ಪ್ರಶ್ನಿಸುವುದು ಹೇಗೆ?

ಮಲ್ಪೆಯ ಬಲೆ

ಇಲ್ಲಿಯವರೆಗೆ ಒಬ್ಬರಿಂದ ಇನ್ನೊಬ್ಬರಿಗೆ ಆಗುವ ಅಪಾಯದ ಮಾತು. ನನ್ನಿಂದ ನನಗೇ ಅಪಾಯವಾದರೆ?

ಜೂನ್ ಬಂತೆಂದರೆ ಮಲ್ಪೆ ಬೀಚಿನ ಉದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ; ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲುತ್ತದೆ. ಕಳೆದ ಮಳೆಗಾಲ ನೋಡಿದ್ದು: ಘಟ್ಟದ ಮೇಲಿನಿಂದ ಬಂದ ಒಂದು ಕುಟುಂಬ, ಮೊದಲ ಸಲ ಕಡಲು ಕಾಣುತ್ತಿರುವ ಅಜ್ಜಿ. ಮಗ ಪ್ಯಾಂಟು ಮಡಚಿ ಬಲೆಯನ್ನು ಎತ್ತಿ ಹಿಡಿದ, ಒಳಗೆ ನುಸುಳಲು. ಸೀಟಿ ಊದುತ್ತಾ ಓಡಿ ಬಂದ ಕಾವಲಿನವನ ಜೊತೆ ಜಗಳ: “ನನ್ನ ಜೀವ, ನನ್ನಿಷ್ಟ. ಅಜ್ಜಿ ಕಾಲು ನೆನೆಸಿಕೊಂಡರೆ ನಿನಗೇನು?” ಅವನು ಹೇಳಿದ್ದಿಷ್ಟೆ: “ನೀವು ಹೋದರೆ ಹಿಂದಿನಿಂದ ಹಾರುವವ ನಾನು.” ಅಜ್ಜಿ ಬಲೆಯ ಈಚೆಯೇ ಕೂತು, ನೊರೆ ಹತ್ತಿರ ಬಂದಾಗ ಬೊಗಸೆಯೊಡ್ಡಿದಳು.

ನನ್ನ ಜೀವ ನನ್ನಿಷ್ಟ ಎನ್ನುವ ವಾದ ಗಟ್ಟಿಯಾಗಿಯೇ ಇದೆ, ಆದರೆ ಮುಳುಗುವವನು ಒಬ್ಬನೇ ಮುಳುಗುವುದು ಅಪರೂಪ. ಹೆಲ್ಮೆಟ್ಟಿಗೂ ಇದೇ ಮಾತು, ಬೆಳೆಸುವುದಿಲ್ಲ. ಮಲ್ಪೆಯಲ್ಲಿ ನನಗೆ ಹಿಡಿಸುವುದು ಆ ತಡೆಯ ನಯ. ಜೂನ್, ಜುಲೈಯ 61 ದಿನ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಕಟ್ಟಿರುತ್ತವೆ, ಆ ನಿಷೇಧ ಮೀನಿನ ಸಂತಾನಕ್ಕಾಗಿ. ನಾಡದೋಣಿಯವರಿಗೆ ಅದಿಲ್ಲ, ಕಡಲು ಸ್ವಲ್ಪ ತಣಿದ ದಿನ ಅವರು ಇಳಿಯುತ್ತಾರೆ. ಪ್ರವಾಸಿಗೆ ಬಲೆ, ದೊಡ್ಡ ಬೋಟಿಗೆ ರಜೆ, ಅಲೆ ಬಲ್ಲವನಿಗೆ ದಾರಿ. ಒಂದೇ ಕಡಲಿಗೆ ಮೂರು ಅಳತೆ, ಮೂರಕ್ಕೂ ಮುಗಿಯುವ ತಾರೀಕು.

ಹಾಳೆಯೇ ಇಲ್ಲದವರು

ಕೊನೆಗೆ, ಯಾವ ಸೆಕ್ಷನ್ನೂ ಇಲ್ಲದೆ ನಮ್ಮನ್ನು ತಡೆಯುವವರ ಮಾತು. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇ ಒಂದರ ಮೇಲೆ ಇಂಥದೇ ದಾಳಿ. ಆಮೇಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಇಳಿಸಿ ಹೆಸರು ಕೇಳುವುದು, ಐಸ್‌ಕ್ರೀಂ ಪಾರ್ಲರಿನ ಹೊರಗೆ ಕಾಯುವುದು. ಪ್ರತಿ ಸಲವೂ ಹೇಳುವ ಕಾರಣ ಒಂದೇ: ನಮ್ಮ ಹುಡುಗಿಯರ ಸುರಕ್ಷತೆ.

ಜಿಲ್ಲಾಧಿಕಾರಿಯ ಆದೇಶ ತಪ್ಪಿದ್ದರೆ ಹೈಕೋರ್ಟಿಗೆ ಒಯ್ಯಬಹುದು, ಅದರಲ್ಲಿ ಸಹಿ ಇದೆ, ತಾರೀಕು ಇದೆ. ಬಸ್ ಸ್ಟ್ಯಾಂಡಿನಲ್ಲಿ ಸುತ್ತುವರಿದ ಹತ್ತು ಜನರ ಆದೇಶವನ್ನು ಎಲ್ಲಿಗೆ ಒಯ್ಯುವುದು? ಪ್ರಾಯಕ್ಕೆ ಬಂದ ಇಬ್ಬರ ಮದುವೆಯನ್ನು ಯಾವ ಕೂಟವೂ ತಡೆಯುವಂತಿಲ್ಲ, ತಡೆಯಲು ಬಂದರೆ ರಕ್ಷಣೆ ಕೊಡುವುದು ಪೊಲೀಸರ ಕೆಲಸ ಎಂದು 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸ್ವಾತಂತ್ರ್ಯಕ್ಕೆ ಸರ್ಕಾರ ಮಾತ್ರ ಎದುರಾಳಿ ಎಂದುಕೊಂಡವರು ಕರಾವಳಿಯಲ್ಲಿ ಇಪ್ಪತ್ತರ ಪ್ರಾಯದ ಹುಡುಗಿಯನ್ನು ಕೇಳಬೇಕು. ಅವಳಿಗೆ ಕೆಲವೊಮ್ಮೆ ಸ್ವಾತಂತ್ರ್ಯವನ್ನು ಉಳಿಸಿಕೊಡಬೇಕಾದದ್ದೇ ಪೊಲೀಸ್ ಜೀಪು, ಅದು ತಡವಾಗಿ ಬರುತ್ತದೆ ಎಂಬುದೇ ದೂರು.

ನಮ್ಮ ಮೆಹಂದಿಯ ಕತೆ ಬಾಕಿ ಉಳಿಯಿತು. ನಾಲ್ಕೂಕಾಲಿಗೆ ಯಾರೋ ಆದೇಶದ ಪ್ರತಿ ಹಾಕಿದರು, ಎರಡು ಪುಟ. ಚಿಕ್ಕಮ್ಮ ಕನ್ನಡಕ ಏರಿಸಿ ಜೋರಾಗಿ ಓದಿದರು. ಮೆರವಣಿಗೆ, ಸಭೆ, ಆಯುಧ, ಪಟಾಕಿ ಬೇಡ. ಮದುವೆ, ಶವಸಂಸ್ಕಾರ, ಧಾರ್ಮಿಕ ಕಾರ್ಯಕ್ಕೆ ಅಡ್ಡಿಯಿಲ್ಲ. ಮೂರು ದಿನದ ನಂತರ ಮಧ್ಯರಾತ್ರಿ 12ಕ್ಕೆ ಮುಕ್ತಾಯ. ಟೆಂಪೋಗಳು ಹೊರಟವು. ಡಿಜೆಯವನಿಗೆ ಮಾತ್ರ ಬರಬೇಡ ಎಂದು ಫೋನು ಹೋಯಿತು, ಅದನ್ನು ಆದೇಶದ ಲೆಕ್ಕಕ್ಕೆ ಬರೆದು ದೊಡ್ಡಪ್ಪ ಒಳಗೊಳಗೇ ಖುಷಿಪಟ್ಟರು.

ಮರುವಾರ ಚಿಕ್ಕಮ್ಮ ಪೇಟೆಗೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು, “ಸೆಕ್ಷನ್ ತೆಗೆದರಾ?” ಗುಂಪಿನಲ್ಲಿ ಮೇಲೆ ಕೆಳಗೆ ಹುಡುಕಿದೆ. ಹಾಕಿದ್ದರ ಬಗ್ಗೆ ನಲವತ್ತೇಳು ಸಂದೇಶಗಳಿದ್ದವು. ತೆಗೆದದ್ದರ ಬಗ್ಗೆ ಒಂದೂ ಇರಲಿಲ್ಲ.